ಒಂದೇ ಬದಿಯ ಮೇಜು

ಫೆಬ್ರವರಿ ೧೧

ಅಕ್ಕಾ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಎರಡನೇ ವಾಕ್ಯಕ್ಕೇ "ಆಯ್ತಪ್ಪಾ, ಇಡ್ತೀನಿ" ಅನ್ನುತ್ತೀಯ. ಕಾಗದದ ಬಾಯಿ ಮುಚ್ಚಿಸುವುದು ಅಷ್ಟು ಸುಲಭವಲ್ಲ. ಮಡಿಚಿಟ್ಟರೂ ಅದು ಮೇಜಿನ ಮೇಲೆ ಕೂತು ನಿನ್ನನ್ನೇ ನೋಡುತ್ತಿರುತ್ತದೆ.

ಮೇಜು ಅಂದೆ, ನೋಡು. ವಿಷಯವೂ ಅದೇ.

ನೀವು ಹೋಗಿ ಮೂರು ತಿಂಗಳಾಯಿತು. ಆ ಊರಿನ ದನಕರುಗಳಿಗೆ ಡಾಕ್ಟರು ಬೇಕು, ನಿನ್ನನ್ನು ವರ್ಗ ಮಾಡಿದರು, ಒಪ್ಪಿದೆ. ಭಾವ ತಮ್ಮ ಹಲ್ಲು ಕೀಳುವ ಕುರ್ಚಿಯನ್ನೂ ಲಾರಿಗೆ ಹತ್ತಿಸಿದರು, ಅದನ್ನೂ ಒಪ್ಪಿದೆ. ಊಟದ ಮೇಜನ್ನು ಯಾಕೆ ಒಯ್ದೆ? ಕೊಂಡವಳು ನೀನು, ನಿಜ. ಆದರೆ ಹದಿನೇಳು ವರ್ಷ ಪ್ರತಿ ಭಾನುವಾರ ಮಧ್ಯಾಹ್ನ ಅದು ಮೇಜಾಗಿರಲಿಲ್ಲ, ದೇಶವಾಗಿತ್ತು. ಕಥೆ ಹೇಳುವವ ನಾನು. ಕಥೆಯೊಳಗೆ ಓಡಾಡುವವರು ನೀವು ಮೂವರು. ನೀನು ಬೀಗ ಒಡೆಯುವವಳು. ನಮ್ಮ ಕೆಳಮನೆಯ ಟೈಲರ್ ಯೋಧ. ಭಾವ ಮೌನಿ ಮಾಂತ್ರಿಕ. ವಾರವಿಡೀ ಬಾಯಿ ತೆರೆದು ಮಲಗಿದವರ ಜೊತೆ ಒಬ್ಬರೇ ಮಾತಾಡಿ ಸುಸ್ತಾದ ಮನುಷ್ಯ ಇನ್ನಾವ ಪಾತ್ರ ಆರಿಸಿಕೊಂಡಾರು? ನೀವು ಅಂದುಕೊಂಡದ್ದು ಆಗುತ್ತದೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತಿತ್ತು. ಟೈಲರ್ ಅಂಗಡಿಯ ಬಟನ್‌ಗಳೇ ಕಾಯಿ. ಭೂಪಟದ ಅಗತ್ಯವೇ ಇರಲಿಲ್ಲ. ಮಧ್ಯದ ಬಿರುಕು ನದಿ, ನನ್ನ ಶಾಯಿ ಚೆಲ್ಲಿದ ಕಲೆ ಜೌಗು, ಹಲಗೆಯಲ್ಲಿ ಉಬ್ಬಿದ ಗಂಟು ಗುಡ್ಡ, ನೀನು ಬಿಸಿ ಪಾತ್ರೆ ಇಟ್ಟು ಸುಟ್ಟ ಕಪ್ಪು ಉಂಗುರ ರಾಜಧಾನಿ.

ಕೊನೆಯ ಆಟದಲ್ಲಿ ನಿನ್ನ ಪಾತ್ರ ಸತ್ತಿತು. ನೀನು "ಎಡಕ್ಕೆ ಓಡ್ತೀನಿ" ಎಂದೆ, ಎಡಕ್ಕೆ ಜೌಗಿತ್ತು, ದಾಳದಲ್ಲಿ ಬರೀ ಒಂದು ಬಿತ್ತು, ಮುಳುಗಿದೆ. ನಿಯಮ ಅಂದರೆ ನಿಯಮ. ಆಟದ ಮಧ್ಯೆಯೇ ಎದ್ದು ಮರುದಿನದ ಲಾರಿಗೆ ಪಾತ್ರೆ ಕಟ್ಟಲು ಹೋದೆಯಲ್ಲ, ಅದು ಆಟಗಾರರ ಲಕ್ಷಣವಲ್ಲ.

ಇರಲಿ. ಈಗ ಕಂಪ್ಯೂಟರಿನಲ್ಲೇ ಮೇಜು ಸಿಗುತ್ತದಂತೆ. ನಾಲ್ಕು ಊರಿನಲ್ಲಿದ್ದರೂ ಒಂದೇ ಮೇಜಿನ ಸುತ್ತ ಕೂತ ಹಾಗೆ ಆಡಬಹುದಂತೆ, ನಕ್ಷೆ, ಕಾಯಿ, ದಾಳ ಎಲ್ಲ ಅದರಲ್ಲೇ ಇರುತ್ತವಂತೆ. ಒಂದಲ್ಲ, ಹತ್ತಾರಿವೆ. ನಾನು ಒಳ್ಳೆಯದೊಂದನ್ನು ಆರಿಸುತ್ತೇನೆ. ನೀನು ಬರಬೇಕು. ಮೂರು ಜನರ ಆಟಕ್ಕೆ ತಾನು ಬರುವುದಿಲ್ಲ, ಅದರ ಬದಲು ಕ್ಷೌರದಂಗಡಿಯ ಇಸ್ಪೀಟು ಗುಂಪು ಸೇರುತ್ತೇನೆ ಎಂದು ಟೈಲರ್ ಹೆದರಿಸುತ್ತಿದ್ದಾನೆ. ನೀನು ಬರದಿದ್ದರೆ ಆಟ ಮುಗಿಯಿತು. ಭಾನುವಾರಗಳಲ್ಲಿ ನಾನೇನು ಮಾಡಲಿ, ಪತ್ರಿಕೆ ಓದಲೇ? ಅದರ ತಪ್ಪುಗಳನ್ನು ವಾರವಿಡೀ ತಿದ್ದುವವನೇ ನಾನು.

ಸಿಟ್ಟಿದ್ದರೂ ಸ್ಟಾಂಪು ಹಚ್ಚಿದ,
ತಮ್ಮ

ಫೆಬ್ರವರಿ ೨೭

ತಮ್ಮಾ,

ನಿನ್ನ ಕಾಗದ ಬಂದ ದಿನವೇ ಒಂದು ಕುದುರೆ ನನ್ನ ಕಾಲು ತುಳಿದಿತ್ತು. ಯಾವುದು ಹೆಚ್ಚು ನೋಯ್ತಿದೆ ಅಂತ ನಿನ್ನ ಭಾವ ಕೇಳಿದರು. ಕುದುರೆ ಪಾಪ, ಬೇಕಂತ ತುಳಿಯಲಿಲ್ಲ ಅಂದೆ.

ನಿನ್ನ ನೆನಪಿನ ಶಕ್ತಿಯನ್ನ ಊರೆಲ್ಲ ಹೊಗಳುತ್ತೆ, ನಾನೂ ಹೊಗಳಿದ್ದೀನಿ. ಈಗ ಕೇಳು. ಎಡಕ್ಕೆ ಇದ್ದದ್ದು ಗುಡ್ಡ. ಹದಿನೇಳು ವರ್ಷ ಗುಡ್ಡವಾಗಿದ್ದದ್ದು ನಾನು ಊರು ಬಿಡೋ ಹಿಂದಿನ ದಿನ ಜೌಗಾಯಿತು. ಎಲ್ಲೋ ಇದ್ದ ಕೆಸರನ್ನ ತಂದು ನನ್ನ ಕಾಲ ಕೆಳಗೆ ಸುರಿದೆ. ಮೇಜಿನ ತುಂಬ ಪ್ಯಾಕಿಂಗ್ ಡಬ್ಬ, ಬಟನ್ ಇಡೋಕೂ ಜಾಗ ಇರಲಿಲ್ಲ, ಬಾಯಲ್ಲೇ ಆಡ್ತಿದ್ವಿ, ಯಾರಿಗೆ ಗೊತ್ತಾಗುತ್ತೆ ಅಂದುಕೊಂಡೆಯಾ? ಹೋಗೋಳು ಹೋಗು ಅಂತ ಬಾಯಿಬಿಟ್ಟು ಹೇಳಿದ್ದರೆ ಇಷ್ಟು ಬೇಜಾರಾಗ್ತಿರಲಿಲ್ಲ.

ಮೇಜು ಈಗಲೂ ನನ್ನ ಮುಂದೆ ಇದೆ. ನನ್ನ ಜಾಗದಲ್ಲೇ ಕೂತು ಬರೀತಿದ್ದೀನಿ. ಎಡಕ್ಕೆ ಗುಡ್ಡ.

ಒಂದು ಮಾತು. ಜೌಗು ಎಡಕ್ಕಿತ್ತು ಅಂತ ನೀನು ತೋರಿಸಿಕೊಟ್ಟರೆ, ನಾನು ಸತ್ತೆ ಅಂತ ಒಪ್ಪಿಕೊಂಡು ಹೊಸ ಪಾತ್ರ ಹಿಡಿದು ನಿನ್ನ ಕಂಪ್ಯೂಟರ್ ಮೇಜಿಗೆ ಬರ್ತೀನಿ. ತೋರಿಸೋಕಾಗದಿದ್ದರೆ ಇನ್ನು ಈ ಆಟಕ್ಕೆ ನನ್ನ ಕರೀಬೇಡ.

ಮುಳುಗಿಹೋದ,
ಅಕ್ಕ

(ಭಾವನ ಮಾತು: ನಾನಂತೂ ಬರ್ತೀನಪ್ಪಾ. ಎಡ ಬಲ ಯಾವುದಾದರೂ ಸರಿ. ಇಲ್ಲಿ ಭಾನುವಾರ ತುಂಬ ಉದ್ದ.)

ಮಾರ್ಚ್ ೨೩

ಅಕ್ಕಾ,

ಜೌಗು ಎಡಕ್ಕೇ ಇದೆ! ಆ ಶಾಯಿ ಚೆಲ್ಲಿದವನು ನಾನು. ಒರೆಸಲು ತೆಗೆದುಕೊಂಡ ಬಟ್ಟೆ ನಿನ್ನ ಹೊಸ ಟವೆಲ್, ಅದಕ್ಕೆ ನೀನು ಬೈದ ಬೈಗುಳ ಅಕ್ಷರಶಃ ನೆನಪಿದೆ, ಕಾಗದದಲ್ಲಿ ಬರೆಯುವಂಥದ್ದಲ್ಲ. ನನ್ನ ಮೇಲೆ ದೇಶವನ್ನೇ ತಿರುಚಿದ ಆರೋಪವೇ? ಪತ್ರಿಕೆಯಲ್ಲಿ ಮಂತ್ರಿಗಳ ಭಾಷಣಕ್ಕೂ ಒಂದು ಅಲ್ಪವಿರಾಮ ಹೆಚ್ಚಿಗೆ ಹಾಕದವನು ನಾನು.

ಅದನ್ನು ಕೊನೆಯಲ್ಲಿ ಇತ್ಯರ್ಥ ಮಾಡುತ್ತೇನೆ. ಮೊದಲು ಕಂಪ್ಯೂಟರ್ ಮೇಜುಗಳ ವರದಿ. ಟೈಲರನನ್ನು ಅಂಗಡಿಯಲ್ಲಿ ಕೂರಿಸಿ, ನಾನು ಮಹಡಿಯಲ್ಲಿ ಕೂತು, ಮೂರು ಪರೀಕ್ಷಿಸಿದೆವು.

ಒಂದನೆಯದರಲ್ಲಿ ಮಂಜು ಹಾಕುವ ಸೌಲಭ್ಯವಿದೆ. ಆಟಗಾರರು ಇನ್ನೂ ಕಾಣದ ಜಾಗವನ್ನು ಕಥೆಗಾರ ಮಂಜಿನಿಂದ ಮುಚ್ಚಿಡಬಹುದು. ಮುಚ್ಚಿದೆ. ನನಗೂ ಕಾಣದಂತಾಯಿತು. ಟೈಲರನಿಗೆ ಮಾತ್ರ ಎಲ್ಲ ಕಾಣುತ್ತಿತ್ತು. "ಸಾರ್, ಇಲ್ಲಿ ಒಂದು ನಿಧಿ ಇಟ್ಟಿದ್ದೀರಿ, ತಗೊಳ್ಳಲಾ?" ಎಂದು ಕೆಳಗಿನಿಂದ ಕೂಗಿದ. ಆ ಕಂಪನಿಗೆ ದೂರು ಬರೆದೆ; ಅವರ ಸಹಾಯದ ಪುಟದಲ್ಲಿದ್ದ ಅಕ್ಷರ ದೋಷಗಳ ಪಟ್ಟಿಯನ್ನೂ ಸೇರಿಸಿದೆ. ನಿಮ್ಮ ಮೆಚ್ಚುಗೆಗೆ ಧನ್ಯವಾದ, ಐದು ನಕ್ಷತ್ರ ಕೊಡಿ ಎಂದು ಉತ್ತರ ಬಂತು. ಮೆಚ್ಚುಗೆಯಂತೆ!

ಎರಡನೆಯದು ಬೆಳಕು ನೆರಳಿನ ಮೇಜು. ಯೋಧ ಪಂಜು ಹಿಡಿದರೆ ಗೋಡೆಯ ಮೇಲೆ ನೆರಳು ಬೀಳುತ್ತದೆ, ಬಾಗಿಲು ತೆರೆದರೆ ಬೆಳಕು ಹರಿಯುತ್ತದೆ. ನೋಡಲು ಸೊಗಸು. ಆದರೆ ಅಷ್ಟು ಲೆಕ್ಕ ಹಾಕಿ ಟೈಲರನ ಲ್ಯಾಪ್‌ಟಾಪು ಕಾದುಹೋಯಿತು. "ಸಾರ್, ಇಸ್ತ್ರಿ ಪೆಟ್ಟಿಗೆ ಥರ ಆಗಿದೆ, ಹೇಗಿದ್ದರೂ ಬಿಸಿ ಇದೆ, ಎರಡು ಪ್ಯಾಂಟು ಮುಗಿಸಿಬಿಡಲಾ?" ಎಂದ. ಅವನ ಯೋಧ ಒಂದು ಹೆಜ್ಜೆ ಇಟ್ಟು ನಿಂತವನು, ನಾನು ಊಟ ಮುಗಿಸಿ ಬಂದರೂ ಇನ್ನೊಂದು ಹೆಜ್ಜೆ ಎತ್ತಿರಲಿಲ್ಲ.

ಮೂರನೆಯದರಲ್ಲಿ ಮೇಜನ್ನೇ ಚಿತ್ರದಲ್ಲಿ ಮಾಡಿಟ್ಟಿದ್ದಾರೆ, ನಾಲ್ಕು ಕಾಲು ಸಮೇತ. ದಾಳ ನಿಜವಾಗಿ ಉರುಳುತ್ತದೆ. ಇದೇ ಇರಲಿ ಎಂದುಕೊಳ್ಳುವಷ್ಟರಲ್ಲಿ ಮೇಜನ್ನು ಬುಡಮೇಲು ಮಾಡುವ ಗುಂಡಿಯೂ ಇದೆ ಎಂದು ಟೈಲರ್ ಕಂಡುಹಿಡಿದ. ಸೋಲುವ ಹಾಗೆ ಕಂಡಾಗಲೆಲ್ಲ ಒತ್ತಿದ.

ಮೂರಕ್ಕೂ ಒಂದು ಸಮಾನ ದೋಷವಿದೆ: ನಮ್ಮ ದೇಶ ಅಲ್ಲಿಲ್ಲ. ಬರೀ ಚೌಕಳಿ, ಇಲ್ಲವೇ ಯಾರೋ ಬರೆದ ಕೋಟೆ. ಹಾಗಾಗಿ ನಮ್ಮ ಮೇಜಿನದೇ ಒಂದು ಫೋಟೋ ಬೇಕು. ಸ್ಟೂಲು ಹತ್ತಿ ನೇರ ಮೇಲಿಂದ ತೆಗೆದದ್ದು. ಅದನ್ನೇ ನಕ್ಷೆಯಾಗಿ ಹಾಕುತ್ತೇನೆ. ಜೌಗು ಎಲ್ಲಿತ್ತು ಎಂಬುದೂ ಅದರಲ್ಲೇ ತೀರ್ಮಾನವಾಗಲಿ. ಫೋಟೋಗೆ ಅಕ್ಕ ತಮ್ಮ ಎಂಬ ದಾಕ್ಷಿಣ್ಯವಿಲ್ಲ.

ಸಾಕ್ಷಿಗೆ ಹೆದರದ,
ತಮ್ಮ

ಏಪ್ರಿಲ್ ೧೦

ತಮ್ಮಾ,

ಕೂತುಕೊಂಡು ಓದು.

ನಾನು ನಾಲ್ಕು ದಿನ ಕುರಿಗಳಿಗೆ ಚುಚ್ಚುಮದ್ದು ಹಾಕೋಕೆ ಹಳ್ಳಿ ಕಡೆ ಹೋಗಿದ್ದೆ. ಫೋಟೋ ತೆಗೆದಿಡಿ ಅಂತ ನಿನ್ನ ಭಾವನಿಗೆ ಹೇಳಿ ಹೋಗಿದ್ದೆ. ವಾಪಸು ಬಂದರೆ ಊಟದ ಮನೆಯಲ್ಲಿ ಏನೋ ಫಳಫಳ ಅಂತಿದೆ. ಇವರ ಕ್ಲಿನಿಕ್ಕಿನ ಬೀರು ರಿಪೇರಿಗೆ ಬಡಗಿ ಬಂದಿದ್ದನಂತೆ. ಎಲ್ಲರೂ ನೋಡೋ ಫೋಟೋ, ಇಷ್ಟು ಕೊಳಕಾಗಿ ಹೇಗೆ ಕಳಿಸೋದು ಅಂತ ಇವರು ಅವನ ಕೈಲಿ ಮೇಜನ್ನ ಕೀಸಿಸಿ, ಬಿರುಕಿಗೆ ಮೇಣ ತುಂಬಿಸಿ, ಪಾಲಿಶ್ ಹೊಡೆಸಿ, ಆಮೇಲೆ ಸ್ಟೂಲು ಹತ್ತಿ ಫೋಟೋ ತೆಗೆದಿದ್ದಾರೆ.

"ರೀ, ನದಿ ಎಲ್ಲಿ?" ಅಂದೆ. 

"ಯಾವ ನದಿ?" ಅಂದರು. ಆಮೇಲೆ ಬಿರುಕಿದ್ದ ಜಾಗವನ್ನ ಬೆರಳಲ್ಲಿ ಸವರಿ ಹುಡುಕಿದರು. ಈ ಮನುಷ್ಯ ಹದಿನೇಳು ವರ್ಷ ಆ ನದಿ ದಾಟಿದ್ದಾರೆ ಕಣೋ.

ಫೋಟೋ ಇಟ್ಟಿದ್ದೀನಿ. ಮೇಜಿನಲ್ಲಿ ಸ್ಟೂಲು ಮೇಲಿರೋ ನಿನ್ನ ಭಾವನ ಪ್ರತಿಬಿಂಬ ಚೆನ್ನಾಗಿ ಬಂದಿದೆ. ಇದು ನೀನು ಹೇಳಿಕೊಟ್ಟು ಮಾಡಿಸಿದ್ದಲ್ಲ ತಾನೇ? ನನ್ನ ಗುಡ್ಡ ಇತ್ತಲ್ಲೋ ಅಲ್ಲಿ.

ಅಕ್ಕ

(ಭಾವನ ಮಾತು: ಹಲ್ಲಿನ ಫೋಟೋ ತೆಗೆಯೋ ಮುಂಚೆ ಕಲೆ ತೆಗೀತೀವಿ. ಆ ಅಭ್ಯಾಸ. ಕ್ಷಮಿಸಪ್ಪಾ.)

ಏಪ್ರಿಲ್ ೧೬

ಅಕ್ಕಾ,

ಓದಿದೆ. ಫೋಟೋ ನೋಡಿದೆ. ಟೈಲರನಿಗೆ ತೋರಿಸಿದೆ. ಅವನು ರಾಜಧಾನಿಯಿದ್ದ ಜಾಗದ ಮೇಲೆ ಬೆರಳಿಟ್ಟು, "ಸಾರ್, ನನ್ನ ಹೊಲ ಇತ್ತು ರಾಜಧಾನಿ ಪಕ್ಕ, ಎರಡು ರಾಕ್ಷಸರನ್ನ ಕೊಂದು ಸಂಪಾದಿಸಿದ್ದು" ಎಂದು ಹೇಳಿ ಅಂಗಡಿಗೆ ಇಳಿದುಹೋದ. 

ಈ ಊರಿನಲ್ಲಿ ಹಳೆಯ ಗ್ರಂಥಾಲಯ ಕೆಡವಿದಾಗ ನಾನೊಬ್ಬನೇ ವಿರೋಧಿಸಿ ಬರೆದೆ. ಪಾರ್ಕಿನ ಕಲ್ಲುಬೆಂಚು ಕಿತ್ತು ಪ್ಲಾಸ್ಟಿಕ್ ಕುರ್ಚಿ ಹಾಕಿದಾಗಲೂ ಬರೆದೆ. ಒಂದು ದೇಶವನ್ನು ನಾಲ್ಕು ದಿನದೊಳಗೆ ಕೀಸಿ ಹಾಕುವವರು ನಮ್ಮ ಮನೆಯಲ್ಲೇ ಇದ್ದಾರೆಂದು ಗೊತ್ತಿರಲಿಲ್ಲ.

ಭಾವನಿಗೆ ಹೇಳು, ನನಗೆ ಹಲ್ಲುನೋವಿದೆ, ಬೇರೆ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ.

ತಮ್ಮ

ಜೂನ್ ೧೯

ಅಕ್ಕಾ,

ಎರಡು ತಿಂಗಳು ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಟೈಲರ್ ಕಳೆದ ಭಾನುವಾರ ಇಸ್ಪೀಟಿಗೆ ಹೋಗಿದ್ದ. ಹೇಗಿತ್ತು ಎಂದು ಕೇಳಿದೆ. "ರಾಜ ರಾಣಿ ಎಲ್ಲ ಇದ್ದಾರೆ ಸಾರ್, ಒಬ್ಬರೂ ಮಾತಾಡಲ್ಲ" ಎಂದ. ಅಂದರೆ ನಮಗಿನ್ನೂ ಅವಕಾಶವಿದೆ.

ಮೇಜು ಹೋದರೇನು, ನಾಲ್ಕು ತಲೆಗಳಿವೆ. ಕಂಪ್ಯೂಟರ್ ಮೇಜುಗಳಲ್ಲಿ ನಾವೇ ನಕ್ಷೆ ಬಿಡಿಸಿ ಹಾಕಬಹುದು. ನೀವಿಬ್ಬರೂ ನೆನಪಿನಿಂದ ಒಂದೊಂದು ನಕ್ಷೆ ಬರೆದು ಕಳಿಸಿ, ಒಬ್ಬರದನ್ನೊಬ್ಬರು ನೋಡಬಾರದು. ಟೈಲರ್ ಆಗಲೇ ಬಟ್ಟೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದುಕೊಟ್ಟಿದ್ದಾನೆ. ನನ್ನದು ಸಿದ್ಧವಿದೆ. ಹೆಚ್ಚುಕಡಿಮೆ ನನ್ನದೇ ಅಂತಿಮವಾಗುತ್ತದೆ ಎಂಬುದು ಬೇರೆ ಮಾತು. ಆದರೂ ಪ್ರಜಾಪ್ರಭುತ್ವ ಎಂದು ಒಂದಿದೆ.

ನಿನ್ನ ಷರತ್ತು ನೆನಪಿದೆ. ಜೌಗಿನ ಪ್ರಶ್ನೆಯೂ ಇದರಲ್ಲೇ ಬಗೆಹರಿಯಲಿ.

ಹಲ್ಲು ನೋಯುತ್ತಲೇ ಇರುವ,
ತಮ್ಮ

ಜುಲೈ ೪

ತಮ್ಮಾ,

ಎರಡೂ ನಕ್ಷೆ ಇಟ್ಟಿದ್ದೀನಿ. ಇವರು ಮೂಲೆಯಲ್ಲಿ ಬರೆದರು, ನಾನು ಅಡುಗೆಮನೆಯಲ್ಲಿ ಬರೆದೆ, ಪರೀಕ್ಷೆ ಹಾಲ್ ಥರ. ಇವರ ಗುಡ್ಡ ದವಡೆ ಹಲ್ಲಿನ ಹಾಗಿದೆ, ಅದಕ್ಕೆ ನಗಬೇಡ.

ಬರೆಯೋಕೆ ಕೂತಾಗ ನಂಗೇ ಆಶ್ಚರ್ಯ ಆಯ್ತು. ಆ ಕಪ್ಪು ಉಂಗುರದ ಸುತ್ತ ಒಂದೊಂದು ಬೀದಿ, ಒಂದೊಂದು ಬೀಗ ನೆನಪಿದೆ. ನಮ್ಮ ಈಗಿನ ಬೀದಿಯಲ್ಲಿ ಎಷ್ಟು ಮನೆ ಇದೆ ಅಂತ ಇನ್ನೂ ಗೊತ್ತಿಲ್ಲ.

ಗುಡ್ಡ ಎಡಕ್ಕಿದೆ. ನೋಡಿಕೋ.

ಅಕ್ಕ

ಜುಲೈ ೨೦

ಅಕ್ಕಾ,

ಇಷ್ಟು ವರ್ಷ ನಾನು ಕುರುಡರ ಜೊತೆ ಆಡಿದೆನೇ?

ನಾಲ್ಕು ನಕ್ಷೆ, ನಾಲ್ಕು ದೇಶ! ನಿನ್ನದು ಪೂರ್ತಿ ತಲೆಕೆಳಗು. ನದಿ ನನ್ನ ಕಡೆಯಿಂದ ಹುಟ್ಟಿ ಆಚೆ ಹರಿಯಬೇಕು, ನಿನ್ನ ಕಾಗದದಲ್ಲಿ ಮೇಲಿನಿಂದ ಇಳಿದು ಬರುತ್ತಿದೆ. ಭಾವ ಮತ್ತು ಟೈಲರ್ ನದಿಯನ್ನು ಅಡ್ಡಲಾಗಿಯೇ ಹರಿಸಿದ್ದಾರೆ, ಅದರಲ್ಲೂ ಒಬ್ಬರು ಬಲಕ್ಕೆ, ಇನ್ನೊಬ್ಬರು ಎಡಕ್ಕೆ. ಟೈಲರನಿಗೆ ತೋರಿಸಿ ಕೇಳಿದರೆ, "ಸಾರ್, ನಾನು ಮೀಟರ್ ಟೇಪ್ ಹಿಡಿಯೋನು, ನಂಗೆ ಹೇಳ್ತೀರಾ?" ಎಂದು ರೇಗಿದ.

ಮೂರನ್ನೂ ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. ಬಾಣ, ಸುತ್ತು, ಅಂಚಿನಲ್ಲಿ ಟಿಪ್ಪಣಿ, ಕಚೇರಿಯಲ್ಲಿ ಮಾಡುವಷ್ಟೇ ಶ್ರದ್ಧೆಯಿಂದ. ನಿನ್ನ ನಕ್ಷೆಯಲ್ಲಿ ಬಿಳಿ ಜಾಗ ಉಳಿದಿಲ್ಲ. ನನ್ನದನ್ನೂ ಸೇರಿಸಿ ನಾಲ್ಕನ್ನೂ ಕಳಿಸುತ್ತಿದ್ದೇನೆ. ನೋಡಿ, ಒಪ್ಪಿ, ಸಹಿ ಮಾಡಿ ವಾಪಸು ಕಳಿಸಿ.

ಶ್ರದ್ಧೆಯಿಂದ,
ತಮ್ಮ

ಆಗಸ್ಟ್ ೧೩

ತಮ್ಮಾ,

ನಿನ್ನ ಕೆಂಪು ಶಾಯಿ ನೋಡಿ ಕಾಗದವನ್ನೆಲ್ಲ ಒಲೆಗೆ ಹಾಕ್ತೀನಿ ಅಂತ ಎದ್ದೆ. ಇವರು "ಒಂದು ಸಲ ಸರಿಯಾಗಿ ನೋಡು, ಪಾಪ, ಕಷ್ಟಪಟ್ಟಿದ್ದಾನೆ" ಅಂದರು. ಸರಿ ಅಂತ ಮೇಜಿನ ಮೇಲೆ ಹರಡಿದೆ. ಕೈ ತಾನೇ ಹಾಗೆ ಹೋಯ್ತೋ ಏನೋ, ಟೈಲರ್ ಕಾಗದವನ್ನ ಟೈಲರ್ ಕೂರ್ತಿದ್ದ ಬದಿಗೆ ಇಟ್ಟೆ, ಇವರದನ್ನ ಇವರ ಬದಿಗೆ, ನಂದನ್ನ ನನ್ನ ಬದಿಗೆ, ನಿಂದನ್ನ ಎದುರಿಗೆ. ಅವರವರ ಕಡೆಗೆ ಮುಖ ಮಾಡಿ.

ಆಮೇಲೆ ಮೇಜಿನ ಸುತ್ತ ನಡೆದೆ. ಎರಡು ಸುತ್ತು. ಇವರನ್ನೂ ಕರೆದು ನಡೆಸಿದೆ.

ನಾಲ್ಕರಲ್ಲೂ ನದಿ ಒಂದೇ ಕಡೆ ಹರೀತಿದೆ ಕಣೋ. ನಾಲ್ಕರಲ್ಲೂ ಜೌಗು ಕಿಟಕಿ ಕಡೆ, ಗುಡ್ಡ ಬಾಗಿಲ ಕಡೆ. ಯಾರೂ ಒಂದು ಗೆರೆ ತಪ್ಪು ಬರೆದಿಲ್ಲ. ಯಾವುದಕ್ಕೂ ಹೊಂದದೆ ಇರೋದು ನಿನ್ನ ಕೆಂಪು ಶಾಯಿ ಒಂದೇ.

ಯಾವಾಗಲೂ ಬಟನ್ನನ್ನ ಕೈಯಲ್ಲೇ ಸರಿಸ್ತಿದ್ವಿ, ಎಡ ಬಲ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆ ಒಂದು ದಿನ ಡಬ್ಬಗಳ ಮಧ್ಯೆ ಹೇಳಿದ್ವಿ.

ನಿನ್ನ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಮೊದಲನೇ ಸಲ. ಅಲ್ಲಿಂದ ಜೌಗು ಎಡಕ್ಕೇ ಇದೆ. ನೀನು ಎಲ್ಲಿಂದಲೂ ಹೊತ್ತು ತಂದು ಸುರಿಯಲಿಲ್ಲ. ನಾನು ಬೇರೆ ಏನೇನೋ ಅಂದುಕೊಂಡು ಒಂಬತ್ತು ತಿಂಗಳು ಕಳೆದೆ.

ತೋರಿಸಿದರೆ ಒಪ್ತೀನಿ ಅಂದಿದ್ದೆ. ತೋರಿಸಿದೆ. ನಾನು ಸತ್ತೆ. ಹೊಸ ಪಾತ್ರ ಯೋಚಿಸ್ತಿದ್ದೀನಿ, ವೈದ್ಯೆ ಮಾತ್ರ ಬೇಡ. ನಿನ್ನ ಮೇಜು ಯಾವುದು ಅಂತ ತಿಳಿಸು.

ನಿನ್ನ ಜಾಗದಿಂದ ಬರೆಯುತ್ತಿರುವ,
ಅಕ್ಕ

ಸೆಪ್ಟೆಂಬರ್ ೫

ಅಕ್ಕಾ,

ನಿನ್ನ ಕಾಗದ ಬಂದು ವಾರದ ಮೇಲಾಯಿತು. ಉತ್ತರವನ್ನು ಮೂರು ಸಲ ಬರೆದು ಹರಿದೆ, ಮೂರರಲ್ಲೂ ನಾನೇ ಜಾಸ್ತಿ ಮಾತಾಡಿದ್ದೆ.

ಮೇಜು ಆರಿಸಿದೆ. ಆರಿಸಲು ಒಂದೇ ಪ್ರಶ್ನೆ ಸಾಕಾಯಿತು. ಈ ಕಂಪ್ಯೂಟರ್ ಮೇಜುಗಳೆಲ್ಲ ಎಷ್ಟೇ ಮಂಜು, ನೆರಳು, ಬೆಳಕು ಇಟ್ಟುಕೊಂಡಿದ್ದರೂ ಎಲ್ಲ ಆಟಗಾರರನ್ನೂ ಒಂದೇ ಬದಿಗೆ ಕೂರಿಸುತ್ತವೆ. ಕಥೆಗಾರನಿಗೆ ಎಡವಾದದ್ದೇ ಎಲ್ಲರಿಗೂ ಎಡ. ಅನುಕೂಲ ನಿಜ. ಆದರೆ ಅಂಥ ಮೇಜಿನಲ್ಲಿ ನನಗೆ ಎದುರಿಗೆ ಯಾರೂ ಇರುವುದಿಲ್ಲ. ಹುಡುಕಿ ಹುಡುಕಿ ಒಂದು ಸಿಕ್ಕಿತು. ನೋಡಲು ಬಡವಾಗಿದೆ, ಬಿಳಿ ಹಾಳೆಯಷ್ಟೇ, ದಾಳವೂ ಸದ್ದಿಲ್ಲದೆ ಬೀಳುತ್ತದೆ. ಆದರೆ ಮೂಲೆಯಲ್ಲೊಂದು ಬಾಣವಿದೆ. ಅದನ್ನು ಒತ್ತಿ ಪ್ರತಿಯೊಬ್ಬರೂ ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳಬಹುದು, ಬೇರೆಯವರ ಹಾಳೆ ಅಲುಗುವುದಿಲ್ಲ. ದೇಶವನ್ನು ಅದರಲ್ಲಿ ಬಿಡಿಸಿಯಾಯಿತು. ಟೈಲರ್ ಒಮ್ಮೆ ತಿರುಗಿಸಿ ನೋಡಿ, "ಹಾಂ, ಈಗ ಕೂತ ಹಾಗಾಯ್ತು ಸಾರ್" ಎಂದ. ಇಸ್ಪೀಟಿನವರಿಗೆ ಬರುವುದಿಲ್ಲವೆಂದು ಹೇಳಿ ಕಳಿಸಿದ್ದಾನೆ.

ಇನ್ನು ನಿನ್ನ ಷರತ್ತಿನ ವಿಷಯ. ನೀನು ತಪ್ಪು ತೀರ್ಪು ಕೊಟ್ಟಿದ್ದೀಯ. ಓಡುವವಳು ಓಡುವುದು ತನ್ನ ಎಡಕ್ಕೆ. ಕಥೆ ಹೇಳುವವನ ಎಡಕ್ಕಲ್ಲ. ನಮ್ಮ ಕಚೇರಿಯಲ್ಲಿ ಇಂಥದ್ದಕ್ಕೆ ಒಂದು ಪದ್ಧತಿಯಿದೆ. ತಪ್ಪು ಎಷ್ಟೇ ದೊಡ್ಡದಾಗಿ ಅಚ್ಚಾಗಿದ್ದರೂ ನಾಲ್ಕು ಸಾಲಿನಲ್ಲಿ, ಚಿಕ್ಕ ಅಕ್ಷರದಲ್ಲಿ, ಒಳಪುಟದ ಕೆಳಮೂಲೆಯಲ್ಲಿ ತಿದ್ದುಪಡಿ ಹಾಕುತ್ತೇವೆ. ಇಪ್ಪತ್ತೆಂಟು ವರ್ಷ ಬೇರೆಯವರ ತಪ್ಪಿಗೆ ಬರೆದಿದ್ದೇನೆ, ಇದು ನನ್ನದಕ್ಕೆ.

ತಿದ್ದುಪಡಿ: ಹಿಂದಿನ ಆಟದಲ್ಲಿ ಬೀಗ ಒಡೆಯುವವಳು ಜೌಗಿನಲ್ಲಿ ಮುಳುಗಿದಳೆಂದು ಹೇಳಲಾಗಿತ್ತು. ಅವಳು ಗುಡ್ಡದ ಕಡೆಗೆ ಓಡಿದ್ದು, ಕ್ಷೇಮವಾಗಿದ್ದಾಳೆ. ಅವಳು ಹೋಗಲಿ ಎಂದು ಯಾರೂ ಬಯಸಿರಲಿಲ್ಲ. ಪ್ರಮಾದಕ್ಕೆ ವಿಷಾದಿಸುತ್ತೇವೆ.

ಬರುವ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನ ಮೂರಕ್ಕೆ. ಭಾವನಿಗೆ ಹೇಳು, ಹಲ್ಲನ್ನು ಅವರಿಗೇ ತೋರಿಸಬೇಕೆಂದಿದ್ದೇನೆ.

ನಿನ್ನ ಎದುರಿಗೆ ಕೂರುವ,
ತಮ್ಮ

ಸೆಪ್ಟೆಂಬರ್ ೧೮

ತಮ್ಮಾ,

ಇದನ್ನ ಫೋನಲ್ಲಿ ಹೇಳೋಣ ಅಂತ ಎತ್ತಿಕೊಂಡೆ, ನಿನ್ನ ತಿದ್ದುಪಡಿಯನ್ನ ಇನ್ನೊಂದು ಸಲ ಓದಿದೆ, ಫೋನ್ ಇಟ್ಟೆ.

ಬಾಣ ಒತ್ತಿ ನೋಡಿದೆವು. ಇವರು ಮೊದಲು ತಲೆಯನ್ನೇ ತಿರುಗಿಸಿ ಕುತ್ತಿಗೆ ಉಳುಕಿಸಿಕೊಂಡರು, ಆಮೇಲೆ ಹಾಳೆ ತಿರುಗಿಸಿದರು. ದೇಶ ಚೆನ್ನಾಗಿ ಬಿಡಿಸಿದ್ದೀಯ. ರಾಜಧಾನಿಯ ಪಕ್ಕ ಟೈಲರ್ ಹೊಲ ಒಂದು ಚೂರು ದೊಡ್ಡದಾಗಿದೆ, ಅವನೇ ಬಿಡಿಸಿಕೊಂಡ ಹಾಗಿದೆ, ವಿಚಾರಿಸು.

ಭಾನುವಾರ ಮೂರಕ್ಕೆ ಇಬ್ಬರೂ ಇರ್ತೀವಿ. ಆದರೆ ಒಂದು ಪ್ರಶ್ನೆಗೆ ಮುಂಚೆಯೇ ಉತ್ತರ ಬೇಕು, ನಿಯಮ ಅಂದರೆ ನಿಯಮ ಅನ್ನೋನು ನೀನು. ಹತ್ತು ತಿಂಗಳಿಂದ ಆ ಗುಡ್ಡದ ಮೇಲೆ ಒಬ್ಬಳೇ ನಿಂತಿದ್ದೀನಂತೆ. ಚಳಿಯಾಗ್ತಿದೆ. ಬೆಂಕಿ ಹಚ್ಚಿಕೊಳ್ಳೋಕೆ ದಾಳ ಹಾಕಬೇಕೋ, ಹಾಗೇ ಹಚ್ಚಿಕೊಳ್ಳಲೋ?

ಅಕ್ಕ